ತೆರುವೆಲ್‌ನಿಂದ ಬಂದ ಡಬ್ಬಿ

ಒಂದು ಬೋಗುಣಿ ಅವರೆಕಾಳು ಹಿಚುಕಿ ಆಗಿತ್ತು, ಇನ್ನೊಂದು ಬೋಗುಣಿ ನೀರಿನಲ್ಲಿ ಉಬ್ಬಿಕೊಂಡು ಕಾಯುತ್ತಿತ್ತು. ಅಷ್ಟರಲ್ಲಿ ಪ್ರಭಾಕರ ಸಿಪ್ಪೆಯ ರಾಶಿಯನ್ನು ಮೊಣಕೈಯಿಂದ ಆಚೆ ತಳ್ಳಿ, ತಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ತೆರೆದಿಟ್ಟರು.

“ಎಲ್ಲರೂ ಇಲ್ಲಿ ನೋಡಿ. ಸ್ಪೇನ್ ಟ್ರಿಪ್ಪಿನ ಪ್ಲ್ಯಾನ್ ರೆಡಿ.”

“ಹೇಳಿ, ಕೇಳಿಸ್ಕೋತೀವಿ. ಕೈ ಮಾತ್ರ ನಿಲ್ಲಿಸಲ್ಲ,” ಎಂದಳು ಅಲಮೇಲು. ಅವಳ ಬೆರಳುಗಳ ಸಂದಿಯಿಂದ ಒಂದು ಕಾಳು ಚಿಮ್ಮಿ, ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಬಾರ್ಸಿಲೋನಾಕ್ಕೆ ಸರಿಯಾಗಿ ಬಡಿಯಿತು.

ಪ್ರತಿ ತಿಂಗಳ ಮೊದಲನೇ ಶನಿವಾರ, ಪರದೇಶದ ಈ ಕೆನ್ಮೋರಿನ ನಮ್ಮ ಮನೆಯಲ್ಲಿ ಕನ್ನಡದ ಹಿರಿಯರ ಕೂಟ ಸೇರುತ್ತದೆ. ಕೂಟ ಎಂದರೆ ದೊಡ್ಡದೇನಲ್ಲ. ಒಂಬತ್ತು ಜನ, ಹದಿನಾರು ಮಂಡಿಗಳು. ಆಪರೇಷನ್ ಆದ ಎರಡನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪ್ರಭಾಕರ ನಮ್ಮ ಕಾರ್ಯದರ್ಶಿ. ವಿಮಾನದ ರೆಕ್ಕೆ ಎಷ್ಟು ಬಗ್ಗಿದರೆ ಮುರಿಯುತ್ತದೆ ಎಂದು ಮೂವತ್ತೈದು ವರ್ಷ ಪರೀಕ್ಷೆ ಮಾಡಿದವರು. ನಿವೃತ್ತರಾದ ಮೇಲೆ ಬಗ್ಗಿಸಿ ನೋಡಲು ರೆಕ್ಕೆ ಸಿಗದೆ ನಮ್ಮನ್ನು ಹಿಡಿದುಕೊಂಡಿದ್ದಾರೆ. ಅಲಮೇಲು ಮತ್ತು ಅವಳ ಗಂಡ ನಾಣಿ ಪಕ್ಕದೂರು ಶೋರ್‌ಲೈನಿನವರು, ನಲವತ್ತು ವರ್ಷದ ಸ್ನೇಹ. ಅಲಮೇಲು ಮಾತಾಡುತ್ತಾಳೆ, ನಾಣಿ ಮೆಟ್ಟಿಲು ಎಣಿಸುತ್ತಾರೆ.

“ಮೊದಲು ಬಾರ್ಸಿಲೋನಾ, ಆಮೇಲೆ ಮ್ಯಾಡ್ರಿಡ್, ಸೆವಿಲ್, ಗ್ರನಾಡ. ಅಕ್ಟೋಬರ್ ಹದಿನೆಂಟರಿಂದ ಹನ್ನೆರಡು ದಿನ,” ಎಂದು ಪ್ರಭಾಕರ ಓದಿದರು.

“ಬಾರ್ಸಿಲೋನಾ ಚರ್ಚಿಗೆ ಎಷ್ಟು ಮೆಟ್ಟಿಲು?” ಎಂದು ನಾಣಿ ಕೇಳಿದರು.

“ಲಿಫ್ಟ್ ಇದೆ ಸಾರ್.”

“ಇಳಿಯೋಕೆ?”

ನಾನು ಕೈಯಲ್ಲಿದ್ದ ಕಾಳನ್ನು ಬೋಗುಣಿಗೆ ಹಾಕಿ, ಎರಡು ವಾರದಿಂದ ಮನಸ್ಸಿನಲ್ಲೇ ಹೇಳಿಕೊಂಡಿದ್ದನ್ನು ಬಾಯಿಬಿಟ್ಟು ಹೇಳಿದೆ. “ಪ್ರಭಾಕರ್, ಇದರಲ್ಲಿ ತೆರುವೆಲ್ ಎಲ್ಲದ?”

ಮೇಜಿನ ಸುತ್ತ ಕೈಗಳು ನಿಂತವು. ನನಗೆ ಮನಸ್ಸು ಬಿಗಿಯಾದಾಗ ಬಾಯಿಗೆ ಕೊಳ್ಳೇಗಾಲ ಬಂದುಬಿಡುತ್ತದೆ ಎಂದು ಇವರಿಗೆಲ್ಲ ಗೊತ್ತು.

“ಏನದು? ತಿಂಡಿನಾ?” ಎಂದಳು ಅಲಮೇಲು.

“ಜಿಲ್ಲೆ ಕಣವ್ವ. ಸ್ಪೇನ್‌ನಲ್ಲಿ ಅದ.”

ಪ್ರಭಾಕರ ಕನ್ನಡಕ ಮೇಲೇರಿಸಿ ಹುಡುಕಿದರು. “ಬೆಟ್ಟಮ್ಮನೋರೇ, ನನ್ನ ಟಾಪ್ ಟೆನ್‌ನಲ್ಲಿ ಇಲ್ಲ. ಟಾಪ್ ಟ್ವೆಂಟಿಯಲ್ಲೂ ಇಲ್ಲ. ಅಯ್ಯೋ, ಮ್ಯಾಡ್ರಿಡ್‌ನಿಂದ ನೇರ ರೈಲೂ ಇಲ್ಲ! ಇಂಥ ಊರು ನಿಜವಾಗ್ಲೂ ಇದೆ ಅಂತೀರಾ?”

“ಅದೇ ಅವರ ಘೋಷಣೆ. ‘ತೆರುವೆಲ್ ಇದೆ’ ಅಂತ ಅಲ್ಲಿಯ ಜನ ಬೋರ್ಡು ಹಿಡಿದು ಬೀದಿಗಿಳಿದಿದ್ರಂತೆ. ರಸ್ತೆ ಕೇಳೋಕೆ, ರೈಲು ಕೇಳೋಕೆ. ಮೊದಲು ನಾವು ಇದೀವಿ ಅಂತ ನಂಬಿಸ್ಬೇಕಲ್ಲ, ಅದಕ್ಕೆ.”

“ತಾನು ಇದೀನಿ ಅಂತ ತಾನೇ ಹೇಳ್ಕೊಳ್ಳೋ ಊರಿಗೆ ನಾವು ಯಾಕೆ ಹೋಗ್ಬೇಕು?” ಎಂದಳು ಅಲಮೇಲು.

ಪ್ರಭಾಕರ ನ್ಯಾಯವಂತರು. ಎರಡನೇ ಬೋಗುಣಿಯ ಕಡೆ ಕೈ ತೋರಿಸಿದರು. “ಆ ಕಾಳು ಮುಗಿಯೋವರೆಗೂ ಟೈಮ್ ಕೊಡ್ತೀನಿ. ಅಷ್ಟರೊಳಗೆ ಒಪ್ಪಿಸಿ. ಆಮೇಲೆ ವೋಟು.”

ಆ ಕ್ಷಣದಿಂದ ನಾನು ಒಂದೊಂದೇ ಕಾಳನ್ನು ಮುತ್ತು ಪೋಣಿಸುವವಳಂತೆ ಹಿಚುಕತೊಡಗಿದೆ. ಆದರೆ ಅಲಮೇಲು ಎರಡೂ ಕೈಯಲ್ಲಿ ಹಿಚುಕುವ ವೇಗ ನೋಡಿದರೆ ಬೋಗುಣಿಗೆ ಹತ್ತು ನಿಮಿಷದ ಆಯಸ್ಸೂ ಇರಲಿಲ್ಲ.

ತೆರುವೆಲ್ ನನಗೆ ಹೇಗೆ ಗೊತ್ತು ಎಂದು ಇಲ್ಲಿ ಹೇಳಬೇಕು. ನಾನು ನಮ್ಮೂರಿನಲ್ಲಿ ಓದಿದ್ದು ಮೂರನೇ ತರಗತಿ. ನಮ್ಮ ಯಜಮಾನರು ಚನ್ನವೀರ ಇಲ್ಲಿಯ ಯೂನಿವರ್ಸಿಟಿಯಲ್ಲಿ ಮೀನಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಜೀವಮಾನದಲ್ಲಿ ಒಂದು ಮೀನೂ ತಿಂದವರಲ್ಲ, ಆದರೆ ಮೀನಿನ ಕಷ್ಟಸುಖವೆಲ್ಲ ಗೊತ್ತಿತ್ತು. ಅವರು ಇರುವತನಕ ಇಂಗ್ಲಿಷಿನ ಕೆಲಸವೆಲ್ಲ ಅವರದು. ಅವರು ಹೋದ ಮೇಲೆ, ಐವತ್ತಾರನೇ ವಯಸ್ಸಿನಲ್ಲಿ, ಶೋರ್‌ಲೈನಿನ ರಾತ್ರಿ ಶಾಲೆಗೆ ಸೇರಿದೆ. ಪಕ್ಕದ ಕುರ್ಚಿಯಲ್ಲಿ ಬೆನೀತಾ. ತೆರುವೆಲ್ ಜಿಲ್ಲೆಯ ಟೊರ್ರೆಸೇಕಾ ಎಂಬ ಹಳ್ಳಿಯವಳು, ಮಗಳ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದಳು.

ಟೀಚರ್ ನಮಗೆ ಜೋಡಿ ಹಾಕಿದರು. ವಾರಕ್ಕೊಂದು ಕಾಗದವನ್ನು ಇಂಗ್ಲಿಷಿನಲ್ಲಿ ಬರೆದು, ಸ್ಟಾಂಪು ಹಚ್ಚಿ, ಅಂಚೆಯಲ್ಲೇ ಕಳಿಸಬೇಕು. ಅವಳ ಮನೆ ನಮ್ಮ ಮನೆಗೆ ಹತ್ತು ನಿಮಿಷ, ಕಾಗದಕ್ಕೆ ಮೂರು ದಿನ. ಮಂಗಳವಾರ ಕ್ಲಾಸಿನಲ್ಲಿ ಪಕ್ಕದಲ್ಲೇ ಕೂತು, “ಕಾಗದ ಬಂತಾ?” ಎಂದು ಅವಳು ಕೇಳಿದರೆ, “ಇನ್ನೂ ಇಲ್ಲ, ಏನು ಬರೆದಿದ್ದೀಯ?” ಎಂದು ನಾನು ಕೇಳುತ್ತಿದ್ದೆ. “ಬಂದ ಮೇಲೆ ಓದು,” ಎನ್ನುತ್ತಿದ್ದಳು. ಹಾಗೆ ಒಂಬತ್ತು ವರ್ಷ. ಶಾಲೆ ಮುಗಿದ ಮೇಲೂ ನಿಲ್ಲಿಸಲಿಲ್ಲ. ಆಮೇಲೆ ಅವಳ ಅಣ್ಣ ತೀರಿಕೊಂಡ, ಹಳ್ಳಿಯ ಮನೆ ಮತ್ತು ಕೇಸರಿ ಬೆಳೆಯುವ ಒಂದು ತುಂಡು ಹೊಲ ಇವಳ ಪಾಲಿಗೆ ಬಂತು, ಅವಳು ಊರಿಗೆ ಹೊರಟುಹೋದಳು.

ಬೋಗುಣಿಯಲ್ಲಿ ಕಾಳು ಇಳಿಯುತ್ತಿತ್ತು. ನಾನು ಮಾತು ಶುರು ಮಾಡಿದೆ.

“ತೆರುವೆಲ್ ಊರಿನ ನಡುವೆ ಒಂದು ಚೌಕ ಅದ. ಅದರ ಮಧ್ಯೆ ಎತ್ತರದ ಕಂಬ. ಕಂಬದ ತುದಿಯಲ್ಲಿ ಬಸವಣ್ಣ.”

“ನಮ್ಮ ಬಸವಣ್ಣ?” ನಾಣಿ ಮೊದಲ ಸಲ ಮೆಟ್ಟಿಲು ಬಿಟ್ಟು ಬೇರೆ ವಿಷಯ ಕೇಳಿದರು.

“ಅವರ ಬಸವಣ್ಣ. ಗೂಳಿ. ಊರಿಗೇ ಗುರುತು ಅದು. ಆದರೆ ಮೊಲದ ಗಾತ್ರ. ಅಷ್ಟು ದೊಡ್ಡ ಕಂಬದ ಮೇಲೆ ಅಷ್ಟು ಚಿಕ್ಕ ಗೂಳಿ. ಕೆಳಗೆ ನಿಂತು ಕತ್ತು ಎತ್ತಿದರೆ ಮೊದಲು ಕಾಣೋದೇ ಇಲ್ಲವಂತೆ.”

“ಬಸವನಗುಡಿ ಬಸವಣ್ಣನ ಗೊರಸಿನಷ್ಟೂ ಇಲ್ವಲ್ಲೇ!” ಎಂದಳು ಅಲಮೇಲು.

“ದೊಡ್ಡದು ನೋಡಬೇಕಾದರೆ ಬಸವನಗುಡಿಗೆ ಹೋಗು. ಇಷ್ಟು ಚಿಕ್ಕದನ್ನು ಇಷ್ಟು ಮೇಲೆ ಕೂರಿಸಿ ಜಂಬ ಪಡೋ ಊರು ಎಲ್ಲಾದರೂ ನೋಡಿದೀಯಾ?”

ಪ್ರಭಾಕರ ಏನೋ ಟೈಪು ಮಾಡಿಕೊಂಡರು. ಧೈರ್ಯ ಬಂತು. ಇಟ್ಟಿಗೆಯ ಗೋಪುರಗಳ ಮಾತೆತ್ತಿದೆ. ಏಳು ನೂರು ವರ್ಷದ ಹಿಂದೆ ಮುಸಲ್ಮಾನ ಗಾರೆಯವರು ಕ್ರೈಸ್ತರಿಗೆ ಕಟ್ಟಿಕೊಟ್ಟ ಗೋಪುರಗಳು; ಇಟ್ಟಿಗೆಯ ನಡುನಡುವೆ ಹಸಿರು, ಬಿಳಿ ಬಿಲ್ಲೆಗಳು, ಮದುವೆಯ ಹೆಣ್ಣು ಕೈತುಂಬ ಗಾಜಿನ ಬಳೆ ತೊಟ್ಟು ಕೈ ಎತ್ತಿದ ಹಾಗೆ. ಕೆಳಗೆ ರಸ್ತೆಗೆ ಗೋಪುರದ ಹೊಟ್ಟೆಯಲ್ಲೇ ದಾರಿ. ಹತ್ತಿರದಲ್ಲೇ ಅಲ್ಬರಸೀನ್ ಎಂಬ ಬೆಟ್ಟದೂರು, ಮನೆಗಳೆಲ್ಲ ಕೆಮ್ಮಣ್ಣಿನ ಬಣ್ಣ, ಓಣಿ ಎಷ್ಟು ಇಕ್ಕಟ್ಟೆಂದರೆ ಮೇಲ್ಮಹಡಿಗಳು ಒಂದಕ್ಕೊಂದು ಹಣೆ ಹಚ್ಚಿಕೊಂಡಿವೆ.

“ಎದುರುಮನೆಯವಳು ಕಿಟಕಿಯಿಂದ ಕೈ ಚಾಚಿದರೆ ನಿನ್ನ ಒಗ್ಗರಣೆ ಸೌಟು ಈಸಿಕೊಳ್ಳಬಹುದು, ಅಲಮೇಲು.”

“ಈಸ್ಕೊಂಡ್ರೆ ವಾಪಸ್ ಕೊಡ್ತಾಳೋ?”

“ಮೆಟ್ಟಿಲು?” ಎಂದರು ನಾಣಿ.

“ರೈಲ್ವೆ ಸ್ಟೇಷನ್ನಿನಿಂದ ಊರಿಗೆ ಹತ್ತೋಕೆ ಭಾರಿ ಮೆಟ್ಟಿಲಸಾಲು ಅದ, ನಾಣಿ. ನೋಡೋಕೆ ಬಲು ಚೆಂದ. ಪಕ್ಕದಲ್ಲೇ ಲಿಫ್ಟೂ ಅದ. ನೀವು ಲಿಫ್ಟಿನಲ್ಲಿ ಹೋಗಿ ಮೇಲಿಂದ ಎಣಿಸಿ.”

ನಾಣಿ ತಲೆದೂಗಿದರು. ಒಂದು ವೋಟು ಬಿತ್ತು ಎಂದುಕೊಂಡೆ.

“ಊಟ?” ಅಲಮೇಲುವಿನ ಪ್ರಶ್ನೆ.

ಇದು ಕಷ್ಟದ ಜಾಗ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಹಂದಿ ತೊಡೆಗೆ ಪ್ರಸಿದ್ಧ. ಚಳಿಗಾಳಿಗೆ ಅಟ್ಟದಲ್ಲಿ ನೇತುಹಾಕಿ ಒಣಗಿಸ್ತಾರೆ.”

“ರಂಗನಾಥ!” ಅಲಮೇಲು ಅವರೆಕೈಯಲ್ಲೇ ಕಿವಿ ಮುಚ್ಚಿಕೊಂಡಳು.

“ನಿನ್ನನ್ನ ತಿನ್ನು ಅಂದೋರ್ಯಾರು? ಒಣಗಿದ ಬ್ರೆಡ್ಡನ್ನ ಪುಡಿ ಮಾಡಿ, ನೀರು ಚಿಮುಕಿಸಿ, ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರೀತಾರೆ. ನಮ್ಮ ಉಪ್ಪಿಟ್ಟೇ. ಕುರಿ ಕಾಯೋರು ಮಾಡ್ತಿದ್ದುದು. ಅದಕ್ಕೂ ಹಂದಿ ಹಾಕ್ತಾರೆ, ಬೇಡ ಅಂದರೆ ಬಿಡ್ತಾರೆ.”

“ಹನ್ನೆರಡು ತಾಸು ಏರೋಪ್ಲೇನಲ್ಲಿ ಕೂತು ಹೋಗಿ ಉಪ್ಪಿಟ್ಟು ತಿನ್ನೋದು,” ಎಂದು ಅಲಮೇಲು ನಿಟ್ಟುಸಿರು ಬಿಟ್ಟಳು. “ಕಾಳು ಮುಗೀತಾ ಬಂತು ನೋಡಿ ಪ್ರಭಾಕರ್.”

ನನ್ನ ಹತ್ತಿರ ಇನ್ನು ಉಳಿದಿದ್ದು ಒಂದೇ ಕಥೆ. ತೆರುವೆಲ್‌ನಲ್ಲಿ ಪ್ರೇಮಿಗಳಿಬ್ಬರ ಸಮಾಧಿ ಇದೆ. ಹುಡುಗ ಬಡವ. ಹುಡುಗಿಯ ಅಪ್ಪನ ಹತ್ತಿರ ಐದು ವರ್ಷ ಗಡುವು ಕೇಳಿ, ಸಂಪಾದಿಸಿಕೊಂಡು ಬರುತ್ತೇನೆಂದು ಯುದ್ಧಕ್ಕೆ ಹೋದ. ಸಂಪಾದಿಸಿದ, ಬಂದ. ಆದರೆ ಗಡುವಿಗೆ ಒಂದು ದಿನ ತಡವಾಗಿ. ಅಷ್ಟರಲ್ಲಿ ಹುಡುಗಿಗೆ ಬೇರೆ ಮದುವೆಯಾಗಿತ್ತು. ಅವನು ಎದೆಯೊಡೆದು ಸತ್ತ, ಅವಳು ಅವನ ಹೆಣದ ಮೇಲೆ ಬಿದ್ದು ಸತ್ತಳು. ಅಮೃತಶಿಲೆಯಲ್ಲಿ ಇಬ್ಬರೂ ಅಕ್ಕಪಕ್ಕ ಮಲಗಿದ್ದಾರೆ. ಕೈ ಕೈಯ ಕಡೆ ಚಾಚಿದೆ, ಮುಟ್ಟಿಲ್ಲ. ಅವಳು ಇನ್ನೊಬ್ಬನ ಹೆಂಡತಿಯಲ್ಲವೆ, ಶಿಲ್ಪಿ ಮರ್ಯಾದೆಗೆ ಅಷ್ಟು ಸಂದು ಬಿಟ್ಟಿದ್ದಾನೆ.

ಇಷ್ಟನ್ನೂ ಹೇಳಿ ಮುಗಿಸಿ ಅಲಮೇಲುವಿನ ಮುಖ ನೋಡಿದೆ.

“ಒಂದು ದಿನ ಲೇಟಾ? ಅಷ್ಟೇನಾ?” ಎಂದಳು ಅಲಮೇಲು. “ನಮ್ಮ ಯುಗಾದಿ ಫಂಕ್ಷನ್ ಟೈಮಿಗೆ ಹೋಲಿಸಿದ್ರೆ ಅವನು ಬೇಗನೇ ಬಂದಿದಾನೆ. ಪಾಪ, ಹುಡುಗಿ ಅಪ್ಪ ಕನ್ನಡದೋನಾಗಿರ್ಬೇಕಿತ್ತು.”

ಹಲವರು ನಕ್ಕರು. ಕೊನೆಯ ಕಾಳು ಬಿತ್ತು. ಪ್ರಭಾಕರ ವೋಟು ಹಾಕಿಸಿದರು. ಗ್ರನಾಡದ ಎರಡು ದಿನ ಕಿತ್ತು ತೆರುವೆಲ್‌ಗೆ ಕೊಡಬೇಕು ಎಂಬುದಕ್ಕೆ ಐದು ಕೈ, ಬೇಡ ಎಂಬುದಕ್ಕೆ ನಾಲ್ಕು. ನಾಣಿ ನನಗೆ ಕೈ ಎತ್ತಿದರು. ಅಲಮೇಲು ಗಂಡನನ್ನು ನೋಡಿದ ನೋಟ ನಾನು ಇಲ್ಲಿ ಬರೆಯುವುದಿಲ್ಲ.

“ಸರಿ. ನಿಮ್ಮ ಆ ರಾತ್ರಿ ಶಾಲೆ ಫ್ರೆಂಡ್ ಅಲ್ಲಿಯವರೇ ಅಲ್ವಾ, ಅವರ ಹಳ್ಳಿಗೂ ಹೋಗೋಣ,” ಎಂದರು ಪ್ರಭಾಕರ. “ತಿಂಗಳ ಕೊನೆಗೆ ಬುಕ್ ಮಾಡ್ಬೇಕು. ಒಂಬತ್ತು ಜನ ಬರ್ತೀವಿ ಅಂತ ಅವರಿಗೆ ಒಂದು ಕಾಲ್ ಮಾಡಿಬಿಡಿ.”

“ಅವಳ ಮನೆಯಲ್ಲಿ ಸಿಗ್ನಲ್ ಸಿಕ್ಕಲ್ಲ. ಊರ ಸ್ಮಶಾನದ ಗುಡ್ಡ ಹತ್ತಬೇಕು.”

“ಸರಿ, ಕಾಗದ ಬರೀರಿ. ಕೊನೇ ಕಾಗದ ಯಾವಾಗ ಬರೆದಿದ್ರಿ?”

ನಾನು ಸಿಪ್ಪೆಗಳನ್ನು ಒಟ್ಟುಮಾಡತೊಡಗಿದೆ.

“ಬೆಟ್ಟಮ್ಮ,” ಅಲಮೇಲುವಿನ ಕಣ್ಣು ಕಿರಿದಾಯಿತು. “ಯಾವಾಗ ಬರೆದೆ?”

“ಅವಳು ಬರೆದಳು. ನಾನು ಉತ್ತರ ಕೊಟ್ಟಿಲ್ಲ. ಆರು ವರ್ಷ ಆಯ್ತು. ಆರೂವರೆ ಅನ್ನಿ.”

ಪ್ರೇಮಿಗಳ ಕಥೆಗೆ ನಗದಿದ್ದವರೂ ಈಗ ನಕ್ಕರು. “ಆ ಹುಡುಗ ಒಂದೇ ದಿನ!” ಎಂದು ಯಾರೋ ಹಿಂದಿನಿಂದ ಹೇಳಿದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಒಳಗೆ ಹೋಗಿ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಅಂಗೈಯಗಲದ ತಗಡಿನ ಡಬ್ಬಿ, ಮುಚ್ಚಳದ ಮೇಲೆ ನೇರಳೆ ಹೂವಿನ ಚಿತ್ರ. ಬೆನೀತಾ ತನ್ನ ಮೊದಲ ಬೆಳೆಯ ಕೇಸರಿಯನ್ನು ಅದರಲ್ಲಿ ಕಳಿಸಿದ್ದಳು. ಜೊತೆಗಿದ್ದ ಕಾಗದವನ್ನು ಓದಿ ಹೇಳಿದೆ:

‘ಬೆಟ್ಟಾ, ಮನೆ ಇದೆ. ಚಾವಣಿ ಅರ್ಧ ಇದೆ. ಊರಿನಲ್ಲಿ ಇಪ್ಪತ್ತಮೂರು ಜನ, ಅವರಲ್ಲಿ ನಾನು ಹುಡುಗಿ. ಅಕ್ಟೋಬರ್ ಕೊನೆಗೆ ಹೊಲವೆಲ್ಲ ನೇರಳೆ ಆಗುತ್ತದೆ. ಬೆಳಗಿನ ಜಾವ ಹೂ ಕೀಳಬೇಕು, ಅದೇ ದಿನ ಮೇಜಿನ ಸುತ್ತ ಕೂತು ಒಂದೊಂದು ಹೂವಿನಿಂದ ಮೂರು ಕೆಂಪು ಎಳೆ ಬಿಡಿಸಬೇಕು. ನಾಳೆಗೆ ಇಟ್ಟರೆ ಹೋಯಿತು. ಕೈ ಸಾಲದು. ಮಾತೂ ಸಾಲದು. ನಿನಗೆ ಒಂದು ಕುರ್ಚಿ ಇಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ ಒಂದು ಸಾಲು ಬರೆ. ಬರದಿದ್ದರೆ ಬಯ್ಯುವುದಿಲ್ಲ. ಬರೆಯದಿದ್ದರೆ ಬಯ್ಯುತ್ತೇನೆ.’

“ಇಷ್ಟು ಚೆನ್ನಾಗಿ ಕರೆದಿದಾಳೆ, ಒಂದು ಸಾಲು ಬರೆಯೋಕೆ ಏನಾಗಿತ್ತೇ ನಿಂಗೆ?” ಎಂದಳು ಅಲಮೇಲು.

“ಡಬ್ಬಿ ಖಾಲಿ ಆಯ್ತಲ್ಲ. ಖಾಲಿ ಡಬ್ಬಿ ಹೇಗೆ ವಾಪಸ್ ಕಳಿಸಲಿ?”

ನಾನು ಹೆದರಿದ್ದ ಬೈಗುಳ ಬರಲಿಲ್ಲ. ಮೇಜಿನ ಸುತ್ತ ಎಂಟೂ ತಲೆಗಳು ಗಂಭೀರವಾಗಿ ಅಲ್ಲಾಡಿದವು.

“ಅದೂ ನಿಜವೇ,” ಎಂದಳು ಅಲಮೇಲು, ಇದ್ದಕ್ಕಿದ್ದಂತೆ ಮೆತ್ತಗಾಗಿ. “ಖಾಲಿ ಡಬ್ಬಿ ಕಳಿಸೋದುಂಟೇ?”

“ಒಂದು ಚಮಚ ಸಕ್ಕರೆ ಹಾಕಿ ಕಳಿಸಿದ್ರೆ ಆಗ್ತಿತ್ತು,” ಎಂದರು ನಾಣಿ.

“ಅವಳಿಗೆ ಸಕ್ಕರೆ ಕಾಯಿಲೆ.”

“ಅದೂ ಅಲ್ಲದೆ ಪೋಸ್ಟಲ್ಲಿ ಬಿಳಿ ಪುಡಿ!” ಪ್ರಭಾಕರ ಎದ್ದೇ ನಿಂತರು. “ನಾಣಿ ಸಾರ್, ಇಡೀ ಕೂಟವನ್ನ ಒಳಗೆ ಹಾಕಿಸ್ತೀರಾ?”

ನಾನು ಸುಮ್ಮನೆ ಕೂತಿರಲಿಲ್ಲ ಎಂದು ವಿವರಿಸಿದೆ. ಮೊದಲು ಚಟ್ನಿಪುಡಿ ತುಂಬಿಸಿದ್ದೆ. ಅಂಚೆ ಕಚೇರಿಯಲ್ಲಿ ಒಳಗೇನಿದೆ ಎಂದು ಫಾರಂ ತುಂಬಬೇಕು. ಚಟ್ನಿಪುಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅಲಮೇಲುವನ್ನೇ ಫೋನಿನಲ್ಲಿ ಕೇಳಿದ್ದೆ. ಹೋಟೆಲಿನ ಮೆನುವಿನಲ್ಲಿ ನೋಡಿದ್ದಾಳಂತೆ, ‘ಗನ್ ಪೌಡರ್’ ಎಂದಳು. ಬಂದೂಕಿನ ಮದ್ದು ಎಂದು ನಾನು ಚೆಂದದ ಅಕ್ಷರದಲ್ಲಿ ಬರೆದುಕೊಟ್ಟೆ. ಕೌಂಟರಿನ ಹುಡುಗಿ ಅದನ್ನು ಎರಡು ಸಲ ಓದಿ, ನನ್ನ ಸೀರೆಯನ್ನೂ ಡಬ್ಬಿಯನ್ನೂ ಒಂದೊಂದು ಸಲ ನೋಡಿ, ಒಳಗಿನಿಂದ ಇನ್ನಿಬ್ಬರನ್ನು ಕರೆತಂದಳು. ಮೂವರಿಗೂ ಮುಚ್ಚಳ ತೆಗೆದು ನೆಕ್ಕಿಸಿ ತೋರಿಸಿದ ಮೇಲೆ ನನ್ನನ್ನು ಬಿಟ್ಟರು, ಡಬ್ಬಿಯನ್ನು ಮಾತ್ರ ಕಳಿಸಲಿಲ್ಲ. ಒಬ್ಬ ಕೆಮ್ಮುತ್ತಲೇ ಇದ್ದ.

“ನಾನೇನು ಸುಳ್ಳು ಹೇಳಿದ್ನಾ? ಮೆನುನಲ್ಲಿ ಹಾಗೇ ಇತ್ತಪ್ಪ,” ಎಂದಳು ಅಲಮೇಲು.

ಆಮೇಲೆ ನಿಪ್ಪಟ್ಟು. ಡಬ್ಬಿಗೆ ಒಂದೂ ಹಿಡಿಸಲಿಲ್ಲ. ಗುಂಡಿಯಷ್ಟು ಚಿಕ್ಕದಾಗಿ ತಟ್ಟಿ ಕರಿದೆ, ಕಲ್ಲಾದವು. ಪ್ರಭಾಕರರಿಗೆ ಅದು ನೆನಪಿತ್ತು. “ಓ, ಅದಾ! ವಿಮಾನಕ್ಕೆ ರಿವೆಟ್ ಹೊಡೀಬಹುದಿತ್ತು.” ಅಷ್ಟರಲ್ಲಿ ಕೊರೊನಾ ಬಂತು, ಎರಡು ವರ್ಷ ಹೋಯಿತು. ಎರಡು ವರ್ಷ ತಡವಾದ ಡಬ್ಬಿಯಲ್ಲಿ ಬರೀ ನಿಪ್ಪಟ್ಟು ಕಳಿಸಲಾಗುತ್ತದೆಯೆ? ತಡವಾದಷ್ಟೂ ಒಳಗಿನದು ದೊಡ್ಡದಾಗಬೇಕು. ಡಬ್ಬಿ ಮಾತ್ರ ಅಂಗೈಯಗಲವೇ. ರೇಷ್ಮೆಯ ಕುಪ್ಪಸದ ಬಟ್ಟೆ ಮಡಿಸಿ ತುರುಕಿದೆ, ಮುಚ್ಚಳ ಹಾಕಲಾಗಲಿಲ್ಲ.

ಇನ್ನೊಂದು ಕಾರಣವನ್ನು ನಾನು ಯಾರಿಗೂ ಹೇಳಲಿಲ್ಲ. ಬೆನೀತಾ ನನಗಿಂತ ಆರು ವರ್ಷ ದೊಡ್ಡವಳು. ಮೂರನೇ ವರ್ಷದ ಹೊತ್ತಿಗೆ, ಬರೆದ ಮೇಲೆ ಉತ್ತರವೇ ಬರದಿದ್ದರೆ ಎಂಬ ಹೆದರಿಕೆ ಹುಟ್ಟಿತ್ತು. ಬರೆಯದೆ ಇರುವತನಕ ಅವಳು ಅಲ್ಲಿ ಕೂತು ಹೂ ಬಿಡಿಸುತ್ತಾ ನನ್ನನ್ನು ಬಯ್ಯುತ್ತಿದ್ದಾಳೆ ಎಂದುಕೊಳ್ಳಬಹುದಿತ್ತು.

ಕೂಟ ಈಗ ಸ್ಪೇನನ್ನು ಮರೆತು ಡಬ್ಬಿಯ ಮೇಲೆ ಬಿದ್ದಿತು. ಏಲಕ್ಕಿ ಎಂದರು ಒಬ್ಬರು. ಶ್ರೀಗಂಧದ ಚೂರು ಎಂದರೆ ಪ್ರಭಾಕರ ಅದಕ್ಕೆ ಕಾನೂನಿದೆ ಎಂದರು. ಅಲಮೇಲು ಪುಳಿಯೋಗರೆ ಗೊಜ್ಜು ಎಂದಳು. ಗೊಜ್ಜು ಸೋರುತ್ತದೆ ಎಂದು ನಾಣಿ ಹೇಳಿದ್ದಕ್ಕೆ, “ನಿಮ್ಮ ವೋಟು ಆಗ್ಲೇ ನೋಡಿದೀನಿ, ಸುಮ್ನಿರಿ,” ಎಂದಳು. ಪ್ರಭಾಕರ ಲ್ಯಾಪ್‌ಟಾಪಿನಲ್ಲಿ ಹೊಸ ಪಟ್ಟಿ ತೆರೆದು ತೂಕ, ವಾಸನೆ, ಸೋರಿಕೆ ಎಂದು ಮನೆಗಳನ್ನು ಎಳೆದರು.

ಇಷ್ಟರಲ್ಲಿ ನನ್ನ ಸೊಸೆ ಪಾವನಾ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದಳು. ಮೈಸೂರಿನ ಹುಡುಗಿ, ಕರ್ಕ್‌ಲ್ಯಾಂಡಿನ ಆಫೀಸಿನಲ್ಲಿ ಕೆಲಸ. ಬಾಗಿಲ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ತಟ್ಟೆ ಇಟ್ಟು, ಫೋನ್ ತೆಗೆದಳು.

“ಅತ್ತೆ, ಆ ಹಳ್ಳಿದೊಂದು ಪೇಜ್ ಇದೆ. ಇಪ್ಪತ್ತು ಜನಕ್ಕೆ ಇಷ್ಟೊಂದು ಫೋಟೋ ಹಾಕಿದಾರೆ. ಇದು ಹೋದ ಅಕ್ಟೋಬರ್‌ದು. ಇವರೇನಾ ನೋಡಿ.”

ನಾನು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡೆ. ಉದ್ದನೆಯ ಮೇಜು, ಅದರ ಮೇಲೆ ನೇರಳೆ ಹೂವಿನ ಗುಡ್ಡೆ, ಸುತ್ತ ಏಳು ಜನ ಹೆಂಗಸರು. ನಮ್ಮ ಮೇಜಿನ ಹಾಗೆಯೇ, ಅವರೆಯ ಬದಲು ಹೂವು. ತುದಿಯಲ್ಲಿ ಬೆನೀತಾ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಾಯಿ ತೆರೆದಿತ್ತು, ಯಾರಿಗೋ ಏನೋ ಹೇಳುತ್ತಿದ್ದಳು. ಅಷ್ಟು ಸಾಕಾಗಿತ್ತು ನನಗೆ. ಕಣ್ಣು ಮಂಜಾದ್ದರಿಂದ ಫೋನನ್ನು ಅಲಮೇಲುವಿಗೆ ಕೊಟ್ಟೆ.

ಅಲಮೇಲು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. “ಪಕ್ಕದಲ್ಲಿ ಒಂದು ಕುರ್ಚಿ ಇದೆ ಕಣೇ. ದಿಂಬು ಹಾಕಿರೋದು.”

“ಖಾಲಿನ?”

“ಖಾಲಿ ಏನಲ್ಲ. ಬೆಕ್ಕು ಕೂತಿದೆ.”

“ಯಾನ?”

“ಬೆಕ್ಕು. ದೊಡ್ಡದು. ಹಳದಿ. ಆರಾಮಾಗಿ ಕೂತಿದೆ ನಿನ್ನ ಜಾಗದಲ್ಲಿ.”

ಫೋನ್ ಕಿತ್ತುಕೊಂಡು ನೋಡಿದೆ. ನಿಜ. ಕೊಬ್ಬಿದ ಬೆಕ್ಕು, ಒಂದು ಎಳೆಯನ್ನೂ ಬಿಡಿಸದೆ, ಕಣ್ಣು ಮುಚ್ಚಿಕೊಂಡು ಕೂತಿತ್ತು. ಎಪ್ಪತ್ತಮೂರು ವರ್ಷದಲ್ಲಿ ಯಾರ ಮೇಲೂ ನನಗೆ ಅಷ್ಟು ಹೊಟ್ಟೆಕಿಚ್ಚು ಬಂದಿರಲಿಲ್ಲ.

“ಇವತ್ತೇ ಬರೀತೀನಿ,” ಎಂದೆ. “ಡಬ್ಬಿಗೆ ಏನಾದರೂ ಗೊತ್ತು ಮಾಡಿ ಬೇಗ.”

“ಅತ್ತೆ,” ಪಾವನಾ ಮೆಲ್ಲಗೆ ಹೇಳಿದಳು, “ಒಂದು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ಅವರು ಡಬ್ಬಿ ವಾಪಸ್ ಬರ್ಲಿ ಅಂತ ಕಳಿಸಿಲ್ಲ.”

“ಅಂದರೆ?”

“ಅವರ ಕಡೆ ಡಬ್ಬಿ ವಾಪಸ್ ಕೊಡೋ ಪದ್ಧತಿ ಇರಲ್ಲ. ಕೇಸರಿ ಹಾಕೋಕೆ ಅದು ಬರೀ ಪ್ಯಾಕಿಂಗ್ ಅಷ್ಟೇ. ಕಾಗದದಲ್ಲಿ ಡಬ್ಬಿ ವಿಷಯ ಒಂದು ಮಾತಾದ್ರೂ ಇದ್ಯಾ, ಓದಿ ನೋಡಿ.”

ಓದಿ ನೋಡಿದೆ. ಚಾವಣಿ ಇತ್ತು, ಹೂವಿತ್ತು, ಕುರ್ಚಿಯಿತ್ತು, ಬೈಗುಳವಿತ್ತು. ಡಬ್ಬಿ ಇರಲಿಲ್ಲ. ಆರೂವರೆ ವರ್ಷ ನಾನು ಕಾಗದವನ್ನು ಬದಿಗಿಟ್ಟು ಡಬ್ಬಿಗೆ ಉತ್ತರ ಹುಡುಕಿದ್ದೆ.

“ವಾಪಸ್ಸೇ ಕೇಳಲ್ವಾ?” ಅಲಮೇಲುವಿಗೆ ನಂಬಿಕೆಯಾಗಲಿಲ್ಲ. “ಇಷ್ಟು ಒಳ್ಳೆ ಡಬ್ಬಿ! ಮುಚ್ಚಳ ಎಷ್ಟು ಗಟ್ಟಿ ಇದೆ! ಎಂಥಾ ಜನಾನೇ ಇವರು?”

ಸಂಜೆ ಎಲ್ಲರೂ ಹಿತಕಿದ ಬೇಳೆಯ ಸಾರನ್ನು ತಂತಮ್ಮ ಡಬ್ಬಿಗಳಲ್ಲಿ ತುಂಬಿಕೊಂಡು ಹೋದ ಮೇಲೆ ಬರೆಯಲು ಕೂತೆ. ಬೇರೆ ಬೇರೆ ವರ್ಷ ಅರ್ಧ ಬರೆದು ಬಿಟ್ಟ ನಾಲ್ಕು ಕಾಗದಗಳಿದ್ದವು. ನಾಲ್ಕರಲ್ಲೂ ಮೊದಲ ಸಾಲು ಕ್ಷಮೆ, ಎರಡನೆಯದು ಹವಾಮಾನ. ಅವನ್ನು ಆಚೆ ಸರಿಸಿ ಹೊಸ ಹಾಳೆ ತೆಗೆದುಕೊಂಡೆ. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇಷ್ಟು:

‘ಪ್ರಿಯ ಬೆನೀತಾ, ಬರುತ್ತೇನೆ. ತಡವಾದದ್ದಕ್ಕೆ ಕಾರಣ ಕೇಳಿದರೆ ನಗುತ್ತೀಯ, ಹೂ ಬಿಡಿಸುತ್ತಾ ಹೇಳುತ್ತೇನೆ. ಜೊತೆಗೆ ಎಂಟು ಜನ ಬರುತ್ತಾರೆ. ಕೈ ಎಲ್ಲರದೂ ಚುರುಕು, ಕಾಲು ಯಾರದೂ ಅಲ್ಲ. ಒಬ್ಬಳು ಮಾತು ನಿಲ್ಲಿಸುವುದಿಲ್ಲ, ಅವಳನ್ನು ನಿನ್ನ ಪಕ್ಕ ಕೂರಿಸುತ್ತೇನೆ. ಹಂದಿಯ ತೊಡೆಗಳನ್ನು ಆ ಎರಡು ದಿನ ಅವಳ ಕಣ್ಣಿಗೆ ಬೀಳದ ಕಡೆ ಇಡು. ಬೆಕ್ಕನ್ನು ನನ್ನ ಕುರ್ಚಿಯಿಂದ ಇಳಿಸು. ಕೋಪವಿದ್ದರೆ ಬಯ್ದು ಬರೆ. ಬಯ್ದರೂ ಬರುತ್ತೇನೆ. ನಿನ್ನ ಬೆಟ್ಟಾ.’

ಸೋಮವಾರ ಬೆಳಿಗ್ಗೆ ಅಲಮೇಲು ಕಾರು ತಂದಳು. ನಾನು ನಡೆದೇ ಹೋಗುತ್ತೇನೆಂದರೂ ಕೇಳಲಿಲ್ಲ; ನಾನು ದಾರಿಯಲ್ಲಿ ಮನಸ್ಸು ಬದಲಾಯಿಸುತ್ತೇನೆಂದು ಅವಳ ಅನುಮಾನ. ಕೆನ್ಮೋರಿನ ಅಂಚೆ ಕಚೇರಿಯ ಹೊರಗೆ, ಕಾರಿನಲ್ಲಿ ಕೂತೇ ಕಾಗದ ಹಾಕುವ ನೀಲಿ ಪೆಟ್ಟಿಗೆಯ ಪಕ್ಕ ನಿಲ್ಲಿಸಿದಳು. ಆಮೇಲೆ ಬ್ಯಾಗಿನಿಂದ ಚಿಕ್ಕ ಪೊಟ್ಟಣ ತೆಗೆದಳು.

“ಅಂಟಿಸೋ ಮುಂಚೆ ಒಂದೇ ಒಂದು ಏಲಕ್ಕಿ ಹಾಕು. ಗೊತ್ತಾಗಲ್ಲ.”

“ಬೇಡ.”

“ಬರಿ ಕಾಗದ ಹೋಗುತ್ತಲ್ಲೇ. ನಂಗೇ ಒಂಥರಾ ಆಗ್ತಿದೆ.”

“ನನಗೂ ಆಗ್ತಾ ಅದ. ಆಗಲಿ ಬಿಡು.”

“ಕೇಸರಿಗೆ ಬದಲು ಒಂದು ಕಾಳು ಏಲಕ್ಕಿನಾದ್ರೂ—”

“ಅಲಮೇಲು, ಆ ಏಲಕ್ಕಿಗೆ ಜೊತೆ ಲವಂಗ ಬೇಡವ ಅಂತ ನಾಳೆ ನೀನೇ ಕೇಳ್ತೀಯ. ನಾಳಿದ್ದು ಪುಳಿಯೋಗರೆ ಅಂತೀಯ. ಆಮೇಲೆ ಇನ್ನಾರು ವರ್ಷ.”

ಅವಳು ಪೊಟ್ಟಣ ಬಿಚ್ಚಿದಳು. ಏಲಕ್ಕಿಯನ್ನು ತಾನೇ ಬಾಯಿಗೆ ಹಾಕಿಕೊಂಡಳು.

ನಾನು ಲಕೋಟೆ ಅಂಟಿಸಿದೆ. ವಿಳಾಸ ಇನ್ನೊಮ್ಮೆ ಓದಿದೆ. ಸ್ಟಾಂಪು ಇನ್ನೊಮ್ಮೆ ಒತ್ತಿದೆ. ಪೆಟ್ಟಿಗೆ ಅಲಮೇಲುವಿನ ಕಡೆಗಿದ್ದರೂ ಅವಳ ಕೈಗೆ ಕೊಡಲು ಮನಸ್ಸಾಗಲಿಲ್ಲ. ಅವಳ ತೊಡೆಯ ಮೇಲೆ ಬಗ್ಗಿ, ಕಿಟಕಿಯಿಂದ ಕೈ ಚಾಚಿದೆ. ಈ ಊರಿನಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ. ನಮ್ಮ ಹಿಂದಿನ ಕಾರಿನವನು ಹೊಡೆದ.

“ಹಾಕೇ ಮಾರಾಯ್ತಿ, ನನ್ನ ಮಂಡಿ ಮೇಲೆ ಭಾರ ಬಿಡ್ತಿದೀಯ!”

ಹಾಕಿದೆ. ಬಿದ್ದ ಸದ್ದು ಕೇಳಿಸಲಿಲ್ಲ. ಪೆಟ್ಟಿಗೆಯ ಬಾಯಿಯೊಳಗೆ ಬೆರಳಾಡಿಸಿ ನೋಡಿದೆ. ಕಾಗದ ಇರಲಿಲ್ಲ.

“ಹೋಯ್ತಾ?” ಎಂದಳು ಅಲಮೇಲು.

“ಹೋಯ್ತು.”